ಇಪ್ಪತ್ತೆಂಟು ಡಾಲರಿನ ಮನೆ

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆಯನ್ನು ಕೇಳದ ಮಕ್ಕಳಿಲ್ಲ. ಗೆಳೆಯನ ಹತ್ತಿರ ಇರುವಂಥದೇ ಶೂ ಬೇಕು, ಗೇರ್ ಇರುವ ಸೈಕಲ್ಲೇ ಬೇಕು ಎಂದು ಹಟ ಹಿಡಿದಾಗ ಅಜ್ಜಿಯ ಬಾಯಿಂದ ಈ ಮಾತು ಬಂದೇ ಬರುತ್ತದೆ. ಕೇಳುವಾಗ ಅದು ‘ಬೇಡ’ ಎನ್ನುವ ಮಾತಿನ ಹಾಗೇ ಇರುತ್ತದೆ, ಅಲ್ಲವೇ? ಆದರೆ ಕಾಲನ್ನು ಹಾಸಿಗೆಯೊಳಗೇ ಇಟ್ಟುಕೊಂಡು, ಅದರಿಂದಲೇ ಬೇಕಾದಷ್ಟು ಬಿಡುವು ಸಂಪಾದಿಸಿದ ಒಬ್ಬ ಯುವಕನಿದ್ದ. ಅವನು ಬರೆದಿಟ್ಟ ಖರ್ಚಿನ ಪಟ್ಟಿ ಇವತ್ತಿಗೂ ಉಳಿದಿದೆ. ಈ ವಾರ ಅದನ್ನು ನೋಡೋಣ.

ಅವನ ಹೆಸರು ಹೆನ್ರಿ ಡೇವಿಡ್ ಥೋರೋ. ಹುಟ್ಟಿದ್ದು 1817ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕಾರ್ಡ್ ಎಂಬ ಊರಿನಲ್ಲಿ. ಅಪ್ಪನದು ಪೆನ್ಸಿಲ್ ತಯಾರಿಸುವ ಕಸುಬು. ಮಗ ಹಾರ್ವರ್ಡ್ ಕಾಲೇಜಿನಲ್ಲಿ ಓದಿ ಬಂದು ಊರ ಶಾಲೆಯಲ್ಲಿ ಮೇಷ್ಟ್ರಾದ. ಮಕ್ಕಳನ್ನು ಹೊಡೆದು ಕಲಿಸುವುದು ಮನಸ್ಸಿಗೆ ಒಗ್ಗದೆ ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟ. ಆಮೇಲೆ ಅಣ್ಣನ ಜೊತೆ ಸೇರಿ ಸ್ವಂತ ಶಾಲೆ ನಡೆಸಿದ, ಅಪ್ಪನ ಜೊತೆ ಪೆನ್ಸಿಲ್ ಮಾಡಿದ. ಆದರೆ ಅವನ ಆಸೆ ಇದ್ದದ್ದು ಬರೆಯುವುದರಲ್ಲಿ, ಕಾಡು ಸುತ್ತುವುದರಲ್ಲಿ. ಹೊತ್ತೆಲ್ಲ ದುಡಿಮೆಗೇ ಹೋದರೆ ಬರೆಯುವುದು ಯಾವಾಗ?

ಇದಕ್ಕೆ ಎರಡು ದಾರಿಗಳಿವೆ. ಒಂದು, ತುಂಬ ಹಣ ಗಳಿಸಿ ಆಮೇಲೆ ಬಿಡುವು ಮಾಡಿಕೊಳ್ಳುವುದು. ಇನ್ನೊಂದು, ಬೇಕುಗಳನ್ನೇ ಕಡಿಮೆ ಮಾಡಿಕೊಳ್ಳುವುದು. ಥೋರೋ ಎರಡನೆಯದನ್ನು ಹಿಡಿದ.

1845ರ ಮಾರ್ಚ್ ಕೊನೆಯಲ್ಲಿ, ಊರಿನಿಂದ ಸುಮಾರು ಒಂದೂವರೆ ಮೈಲಿ ದೂರದ ವಾಲ್ಡನ್ ಎಂಬ ಕೊಳದ ಪಕ್ಕ ಮನೆ ಕಟ್ಟಲು ಶುರುಮಾಡಿದ. ಜಾಗ ಅವನ ಹಿರಿಯ ಗೆಳೆಯ, ಲೇಖಕ ಎಮರ್ಸನ್ ಅವರದು. ಕೊಡಲಿಯೂ ಸ್ವಂತದ್ದಲ್ಲ, ಎರವಲು ತಂದದ್ದು. ಆದರೆ ಹಿಂತಿರುಗಿಸುವಾಗ ಅದು ತಂದಾಗ ಇದ್ದದ್ದಕ್ಕಿಂತ ಹರಿತವಾಗಿತ್ತು. ಎರವಲು ತಂದದ್ದನ್ನು ಹೇಗೆ ಹಿಂದಿರುಗಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಹಲಗೆಗಾಗಿ ರೈಲು ದಾರಿಯ ಕೂಲಿಯೊಬ್ಬನ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡು ಬಿಚ್ಚಿದ. ಹಳೆಯ ಇಟ್ಟಿಗೆ ಸಾವಿರಕ್ಕೆ 4 ಡಾಲರ್. ಗಾಜು ಸಮೇತ ಹಳೆಯ ಕಿಟಕಿ ಎರಡಕ್ಕೆ 2 ಡಾಲರ್ 43 ಸೆಂಟ್. ಮೊಳೆಗೆ 3 ಡಾಲರ್ 90 ಸೆಂಟ್. ಸೀಮೆಸುಣ್ಣಕ್ಕೆ 1 ಸೆಂಟ್! ಸಾಮಾನು ಸಾಗಣೆಗೆ 1 ಡಾಲರ್ 40 ಸೆಂಟ್, ಏಕೆಂದರೆ ಬಹುಪಾಲನ್ನು ತಾನೇ ಬೆನ್ನ ಮೇಲೆ ಹೊತ್ತು ತಂದ. ಎಲ್ಲ ಸೇರಿ 28 ಡಾಲರ್ ಹನ್ನೆರಡೂವರೆ ಸೆಂಟ್. ಆಗ ಅಲ್ಲಿ ಅರ್ಧ ಸೆಂಟಿನ ನಾಣ್ಯವೂ ಇತ್ತು. ಅದನ್ನೂ ಅವನು ಲೆಕ್ಕದಿಂದ ಬಿಡಲಿಲ್ಲ.

ಮನೆ 10 ಅಡಿ ಅಗಲ, 15 ಅಡಿ ಉದ್ದ. ಹಾರ್ವರ್ಡಿನಲ್ಲಿ ಹುಡುಗರು ಒಂದು ಕೋಣೆಗೆ ವರ್ಷಕ್ಕೆ 30 ಡಾಲರ್ ಬಾಡಿಗೆ ಕೊಡುತ್ತಿದ್ದರು. ಅದಕ್ಕಿಂತ ಕಡಿಮೆ ಹಣದಲ್ಲಿ ಇವನಿಗೆ ಸ್ವಂತ ಮನೆಯೇ ಆಯಿತು. ಜುಲೈ 4ರಂದು ಅಲ್ಲಿ ವಾಸಕ್ಕೆ ಹೋದ. ಅವನಿಗೆ 28 ತುಂಬಲು ಇನ್ನೂ ಎಂಟು ದಿನ ಇತ್ತು.

ಮನೆಯೊಳಗೆ ಒಂದು ಮಂಚ, ಒಂದು ಮೇಜು, ಬರೆಯುವ ಡೆಸ್ಕು, ಮೂರು ಕುರ್ಚಿ. ಡೆಸ್ಕಿನ ಮೇಲೆ ಅಂದಕ್ಕೆಂದು ಮೂರು ಸುಣ್ಣಕಲ್ಲಿನ ತುಂಡುಗಳಿದ್ದವು. ಅವುಗಳ ಧೂಳನ್ನು ದಿನವೂ ಒರೆಸಬೇಕಲ್ಲ ಎಂದು ಹೊಳೆದದ್ದೇ ತಡ, ಕಿಟಕಿಯಿಂದಾಚೆ ಎಸೆದುಬಿಟ್ಟ. ಪುಕ್ಕಟೆ ಸಿಕ್ಕ ಕಲ್ಲಿಗೂ ಬೆಲೆ ಇದೆ. ದಿನವೂ ಅದು ನಮ್ಮ ಹೊತ್ತನ್ನು ಕೇಳುತ್ತದೆ.

ಮನೆಯ ಸುತ್ತ ಎರಡೂವರೆ ಎಕರೆಯಲ್ಲಿ ಹುರುಳಿಕಾಯಿ ಬೀಜ, ಆಲೂಗಡ್ಡೆ, ಬಟಾಣಿ ಮೊದಲಾದವನ್ನು ಬೆಳೆದ. ಮೊದಲ ವರ್ಷ ಬಂದದ್ದು 23 ಡಾಲರ್ 44 ಸೆಂಟ್, ಖರ್ಚು 14 ಡಾಲರ್ ಎಪ್ಪತ್ತೆರಡೂವರೆ ಸೆಂಟ್. ಲಾಭ ಎಷ್ಟು? ಕಳೆದು ನೋಡಿ. (ಎಂಟು ಡಾಲರ್ ಎಪ್ಪತ್ತೊಂದೂವರೆ ಸೆಂಟ್ ಬಂದರೆ ನಿಮ್ಮ ಲೆಕ್ಕ ಸರಿ.) ಜೊತೆಗೆ ಜಮೀನು ಅಳೆಯುವುದು, ಮರಗೆಲಸ, ಕೂಲಿ. ವರ್ಷಕ್ಕೆ ಸುಮಾರು ಆರು ವಾರ ದುಡಿದರೆ ತನ್ನ ಜೀವನ ಸಾಗುತ್ತದೆ ಎಂದು ಅವನು ಕಂಡುಕೊಂಡ. ಉಳಿದ ನಲವತ್ತಾರು ವಾರ ಓದು, ಬರಹ, ಕಾಡು, ಕೊಳ.

ಅವನ ಇನ್ನೊಂದು ಲೆಕ್ಕ ಇನ್ನೂ ಸೊಗಸಾಗಿದೆ. 30 ಮೈಲಿ ದೂರದ ಫಿಚ್‌ಬರ್ಗ್ ಊರಿಗೆ ರೈಲು ಟಿಕೆಟ್ 90 ಸೆಂಟ್. ಅಂದರೆ ಹೆಚ್ಚು ಕಡಿಮೆ ಒಂದು ದಿನದ ಕೂಲಿ. ಈಗಲೇ ನಡೆಯಲು ಶುರುಮಾಡಿದವನು ರಾತ್ರಿಯೊಳಗೆ ಊರು ಸೇರುತ್ತಾನೆ. ರೈಲಿನಲ್ಲೇ ಹೋಗುತ್ತೇನೆ ಎನ್ನುವವನು ಮೊದಲು ಟಿಕೆಟ್ಟಿಗಾಗಿ ದಿನವಿಡೀ ದುಡಿಯಬೇಕು. ಹಾಗಾದರೆ ಬೇಗ ಹೋದವರು ಯಾರು?

ಥೋರೋ ಕಂಡ ಮುಖ್ಯ ಸಂಗತಿ ಇದೇ. ವಸ್ತುವಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಅದರ ಬೆಲೆ ಪೂರ್ತಿ ಇರುವುದಿಲ್ಲ. ಆ ಹಣ ಗಳಿಸಲು ನಮ್ಮ ಆಯುಸ್ಸಿನ ಎಷ್ಟು ಹೊತ್ತು ಕೊಟ್ಟೆವೋ ಅದೇ ನಿಜವಾದ ಬೆಲೆ.

ಹಾಗೆಂದು ಅವನು ಜಿಪುಣನಾಗಿರಲಿಲ್ಲ. ಆ ಪುಟ್ಟ ಮನೆಯಲ್ಲಿ ಕೂತು ಬರೆದ ಮೊದಲ ಪುಸ್ತಕವನ್ನು 1849ರಲ್ಲಿ ತನ್ನದೇ ಖರ್ಚಿನಲ್ಲಿ ಅಚ್ಚುಹಾಕಿಸಿದ. ಸಾವಿರ ಪ್ರತಿಗಳಲ್ಲಿ 706 ಮಾರಾಟವಾಗದೆ ಅವನ ಮನೆಗೇ ವಾಪಸು ಬಂದವು! ಅಷ್ಟನ್ನೂ ಹೊತ್ತು ಅಟ್ಟಕ್ಕೆ ಸಾಗಿಸಿದ. ಸಾಲ ತೀರಿಸಿದ. ಆದರೂ ಬರೆಯುವುದನ್ನು ಬಿಡಲಿಲ್ಲ. 1854ರಲ್ಲಿ ಬಂದ ಅವನ ‘ವಾಲ್ಡನ್’ ಪುಸ್ತಕವನ್ನು ಜಗತ್ತು ಇಂದಿಗೂ ಓದುತ್ತಿದೆ.

ಅವನ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬಟ್ಟೆ ಒಗೆಯುವ, ಹೊಲಿಯುವ ಕೆಲಸ ಹೆಚ್ಚಾಗಿ ಹೊರಗೆ ನಡೆಯುತ್ತಿತ್ತು, ಅದರ ಬಿಲ್ಲು ಇನ್ನೂ ಬಂದಿಲ್ಲ ಎಂದು ಅವನೇ ಬರೆದಿದ್ದಾನೆ. ಅಮ್ಮನ ಮನೆ ನಡೆದು ಹೋಗುವಷ್ಟು ಹತ್ತಿರವಿತ್ತು. ಜಾಗ ಗೆಳೆಯರದು. ಹೆಂಡತಿ ಮಕ್ಕಳ ಜವಾಬ್ದಾರಿ ಇರಲಿಲ್ಲ. ಅತ್ತ ಆ ಗುಡಿಸಲು ಮಾರಿದ ಕೂಲಿ? ಬೆಳಿಗ್ಗೆ ಆರು ಗಂಟೆಗೆ ಸಂಸಾರ ಸಮೇತ ದಾರಿಯಲ್ಲಿ ಹೊರಟಿದ್ದ. ಅವರ ಮನೆಯ ಸಾಮಾನೆಲ್ಲ ಒಂದೇ ದೊಡ್ಡ ಗಂಟಿನಲ್ಲಿತ್ತು. ಥೋರೋನದು ತಾನೇ ಆರಿಸಿಕೊಂಡ ಸರಳ ಬದುಕು. ಅವರದು ಬೇರೆ ದಾರಿಯಿಲ್ಲದ ಬಡತನ. ಇವೆರಡನ್ನೂ ಒಂದೇ ಎಂದುಕೊಳ್ಳಬಾರದು.

ಇಂದು ಬೆಂಗಳೂರಿನಂಥ ಊರುಗಳಲ್ಲಿ ಕೆಲಸಕ್ಕೆ ಸೇರಿದ ಅಕ್ಕ ಅಣ್ಣಂದಿರಲ್ಲಿ ಕೆಲವರು, ಆದಷ್ಟು ಬೇಗ ಸಂಬಳದ ಹಂಗಿಲ್ಲದೆ ಬದುಕಬೇಕು ಎಂದು ಖರ್ಚು ಬಿಗಿ ಮಾಡುತ್ತಾರೆ. ಅಜ್ಜ ಅಜ್ಜಿಯರಿಗೆ ಗಾಬರಿ: “ಇಷ್ಟು ಓದಿ ಕೆಲಸ ಬಿಡುತ್ತಾನಂತಲ್ಲ!” ಲೆಕ್ಕ ಮಾತ್ರ ಸರಳ. ಬಡ್ಡಿಯನ್ನು ಬದಿಗಿಡಿ. ಸಂಬಳದ ಹತ್ತನೇ ಒಂದು ಪಾಲು ಉಳಿಸುವವರು ಒಂದು ವರ್ಷದ ಖರ್ಚು ಕೂಡಿಡಲು ಒಂಬತ್ತು ವರ್ಷ ದುಡಿಯಬೇಕು. ಕಾಲು ಪಾಲು ಉಳಿಸಿದರೆ ಮೂರು ವರ್ಷ. ಅರ್ಧ ಉಳಿಸಿದರೆ ಒಂದೇ ವರ್ಷ. ಲೆಕ್ಕ ಹಾಗೆ ಹೇಳಿದರೂ, ಮನೆಯಲ್ಲಿ ಕಾಯಿಲೆಯವರಿದ್ದರೆ, ತಮ್ಮ ತಂಗಿಯರ ಓದು ಇದ್ದರೆ ಅರ್ಧ ಉಳಿಸುವುದು ಆಗದ ಮಾತು. ಉಳಿಸಲು ಆಗುವವರನ್ನು ಮಾತ್ರ ಒಂದು ಪ್ರಶ್ನೆ ಕೇಳಬಹುದು: “ಉಳಿಯುವ ಆ ಹೊತ್ತಿನಲ್ಲಿ ಏನು ಮಾಡುತ್ತೀಯಪ್ಪ?” ಥೋರೋ ಬಳಿ ಅದಕ್ಕೆ ಉತ್ತರವಿತ್ತು.

ಈ ವಾರದ ಲೆಕ್ಕ

ಮಕ್ಕಳೇ, ಒಂದು ಹಾಳೆಯಲ್ಲಿ ಗೆರೆ ಹಾಕಿ ಎರಡು ಭಾಗ ಮಾಡಿ. ಎಡಗಡೆ, ಅಜ್ಜ ಅಜ್ಜಿ ಮೊದಲು ಕೊಂಡ ಗಡಿಯಾರ, ರೇಡಿಯೋ, ಸೈಕಲ್ಲಿಗೆ ಎಷ್ಟು ದಿನದ ದುಡಿಮೆ ಬೇಕಾಯಿತು ಎಂದು ಕೇಳಿ ಬರೆಯಿರಿ. ಬಲಗಡೆ, ನಿಮಗೆ ಇನ್ನೂ ಬಿಲ್ಲು ಬರದ ಕೆಲಸಗಳನ್ನು ಬರೆಯಿರಿ: ಒಗೆದ ಸಮವಸ್ತ್ರ, ಬೆಳಗಿನ ಡಬ್ಬಿ, ಜ್ವರ ಬಂದ ರಾತ್ರಿ ಪಕ್ಕದಲ್ಲಿ ಕೂತವರ ನಿದ್ದೆ.

ಎರಡನೆಯ ಪಟ್ಟಿ ಉದ್ದವಾದರೆ ಹೆದರಬೇಡಿ. ಆ ಕೊಡಲಿಯನ್ನು ನೆನಪಿಸಿಕೊಳ್ಳಿ.