ಕುದುರೆ ಮುನ್ನೂರು, ಪಂಪ್ ಮಾತ್ರ ಹಳೇದು

ದೀಪಾವಳಿಗೆ ಊರಿಗೆ ಹೊರಟಿದ್ದೆ. ಶಿವಮೊಗ್ಗಕ್ಕೆ ಬಂದಿದ್ದ ಅಪ್ಪ ಅಮ್ಮನನ್ನು ಹತ್ತಿಸಿಕೊಂಡು ಸವಳಂಗದ ದಾರಿ ಹಿಡಿದೆ. ಮುಂದೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್. ಎದುರಿಗೆ ಬಸ್ಸು ಬರ್ತಿತ್ತು, ಆದ್ರೆ ದೂರ ಇತ್ತು. 300 ಎಚ್‌ಪಿ ಕಾರಿಗೆ ಅದ್ಯಾವ ಲೆಕ್ಕ ಅಂತ ಆಕ್ಸಿಲರೇಟರ್ ಪೂರ್ತಿ ತುಳಿದೆ.

ಟ್ರ್ಯಾಕ್ಟರ್ ಪಕ್ಕಕ್ಕೆ ಬರುವಷ್ಟರಲ್ಲಿ ಎಂಜಿನ್ ಮುಗ್ಗರಿಸಿತು. ತುಳಿದಷ್ಟೂ ಜೀವವಿಲ್ಲ. ಬಸ್ಸು ಹಾರ್ನ್ ಹೊಡೀತಾನೇ ಬರ್ತಿದೆ. ಟ್ರ್ಯಾಕ್ಟರಿನವನೇ ಬ್ರೇಕ್ ಹಾಕಿ ಜಾಗ ಬಿಟ್ಟ, ಬಚಾವಾದೆವು. ಅಮ್ಮ ಮುಂದಿನ ಸೀಟನ್ನು ಹಿಡಿದ ಕೈ ಮನೆ ಬರೋವರೆಗೂ ಬಿಡಲಿಲ್ಲ. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ರೆ ವಾಸಿಯಿತ್ತು.

ಮೊದಲು ನಾನು ಟರ್ಬೊನೇ ಕೆಟ್ಟಿದೆ ಅಂದ್ಕೊಂಡೆ. ಮರುದಿನ ಮೆಕ್ಯಾನಿಕ್ ಪ್ರೆಶರ್ ಗೇಜ್ ಹಾಕಿ ನೋಡಿದಾಗ ಗೊತ್ತಾಗಿದ್ದು, ತಪ್ಪು ನಂದೇ. ದೊಡ್ಡ ಟರ್ಬೊ ಹಾಕಿಸಿದ್ದೆ, ಇಂಜೆಕ್ಟರ್ ಬದಲಿಸಿದ್ದೆ, ಇಸಿಯು ಟ್ಯೂನ್ ಮಾಡಿಸಿದ್ದೆ. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಮಾತ್ರ ಕಂಪನಿಯದ್ದೇ ಬಿಟ್ಟಿದ್ದೆ. ಅದು ಕಣ್ಣಿಗೆ ಕಾಣೋ ಸಾಮಾನಲ್ಲ ನೋಡಿ, ಫೋಟೊಗೂ ಬರಲ್ಲ.

ಲೆಕ್ಕ ಸುಲಭ. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ತಿ ದುಡಿಯುವಾಗ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಬೇಕು. 300 ಎಚ್‌ಪಿಗೆ ಹತ್ತಿರತ್ತಿರ 110 ಲೀಟರ್. ಈಗಿನ ಇ20 ಪೆಟ್ರೋಲಿಗೆ, ಅದರಲ್ಲಿ ಶೇ. 20 ಎಥೆನಾಲ್ ಇರೋದರಿಂದ, ಇನ್ನೂ ಏಳೆಂಟು ಶೇಕಡ ಸೇರಿಸಿಕೊಳ್ಳಿ. (ಎಥೆನಾಲ್ ಮೆಕ್ಕೆಜೋಳದಿಂದಲೂ ಬರುತ್ತೆ. ಆ ಟ್ರ್ಯಾಕ್ಟರ್ ನನಗೆ ಎರಡು ಕಡೆಯಿಂದ ಅಡ್ಡ ಬಂದಿತ್ತು!) ಇದರ ಮೇಲೆ ಟರ್ಬೊ ಒತ್ತಡ ಏರಿದಷ್ಟೂ ಪೆಟ್ರೋಲಿನ ಒತ್ತಡವೂ ಏರಬೇಕು. 3 ಬಾರ್ ಇದ್ದದ್ದು ನನ್ನ ಕಾರಲ್ಲಿ 4.5 ಬಾರ್ ಆಗಬೇಕಿತ್ತು. ಒತ್ತಡ ಏರಿದ ಹಾಗೆಲ್ಲ ಪಂಪ್ ಕೊಡೋದು ಕಮ್ಮಿಯಾಗುತ್ತೆ. ಹಾಗಾಗಿ ಡಬ್ಬಿ ಮೇಲೆ ಗಂಟೆಗೆ 255 ಲೀಟರ್ ಅಂತ ಬರೆದಿದ್ರೆ ಅಷ್ಟೂ ಸಿಗುತ್ತೆ ಅಂತ ನಂಬಬೇಡಿ.

ಪೆಟ್ರೋಲ್ ಸಾಲದೆ ಗಾಳಿ ಹೆಚ್ಚಾದ್ರೆ ಎಂಜಿನ್ ಬಡಿಯೋಕೆ ಶುರುವಾಗುತ್ತೆ, ಪಿಸ್ಟನ್ ಕರಗಿ ತೂತಾಗೋದೂ ಉಂಟು. ನನ್ನದು ಮುಗ್ಗರಿಸಿ ನಿಂತಿದ್ದು ಒಂದು ಲೆಕ್ಕದಲ್ಲಿ ಪುಣ್ಯವೇ.

ಹೊಸ ಪಂಪ್ ತರಿಸಿದೆ. ಬರೀ ಪಂಪ್ ಸಾಲದು ಅಂದ ಮೆಕ್ಯಾನಿಕ್. ಹಳೇ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದುಹೋದ್ರೆ ಎಂಥಾ ಪಂಪ್ ಆದ್ರೂ ಸೊರಗುತ್ತೆ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ಫ್ಯೂಸ್, ರಿಲೇ ಬೇಕು. ಪೆಟ್ರೋಲ್ ತಳ ಕಾಣೋವರೆಗೆ ಓಡಿಸಲೂ ಬಾರದು, ಪಂಪನ್ನು ತಣ್ಣಗಿಡೋದು ಆ ಪೆಟ್ರೋಲೇ.

ಇದನ್ನೆಲ್ಲ ಉತ್ಸಾಹದಿಂದ ಅಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಎಲ್ಲಾ ಸರಿ ಕಣಪ್ಪ. ಆರ್‌ಸಿ ಬುಕ್‌ನಾಗೆ ಇದು ಐತಾ?" ಅಂದ್ರು.

ಇರಲಿಲ್ಲ. ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಟ್ಟುಕೊಂಡು. ಅವತ್ತು ಬಸ್ಸಿಗೆ ಗುದ್ದಿದ್ದರೆ ವಿಮೆಯವರು ಏನನ್ನುತ್ತಿದ್ದರೋ, ಯೋಚನೆ ಮಾಡೋಕೂ ಧೈರ್ಯ ಬರಲಿಲ್ಲ.

ಕೊಯಮತ್ತೂರಿನ ಕರಿ ಸ್ಪೀಡ್‌ವೇನಂಥ ಟ್ರ್ಯಾಕ್‌ಗೆ ಅಂತಲೇ ಕಾರು ಕಟ್ಟುವವರು ಕಟ್ಟಲಿ. ಅವರು ಮೊದಲು ಪಂಪ್ ಹಾಕಿ, ಆಮೇಲೆ ಟರ್ಬೊ ಮುಟ್ಟಲಿ. ನಾನು ಕಂಪನಿ ಟರ್ಬೊ, ಹಳೇ ಇಂಜೆಕ್ಟರ್, ಹಳೇ ಟ್ಯೂನ್ ವಾಪಸ್ ಹಾಕಿಸಿದೆ. ಖರ್ಚು ಕೇಳಬೇಡಿ.

ಹೊಸ ಪಂಪ್ ಇನ್ನೂ ಡಬ್ಬಿಯಲ್ಲೇ, ಅಡಿಕೆ ಚೀಲದ ಪಕ್ಕದಲ್ಲಿದೆ. ಊರಿಗೆ ಹೋದಾಗಲೆಲ್ಲ ಅಪ್ಪ ಕೇಳ್ತಾರೆ, "ತೋಟದ ಬೋರಿಗೆ ಆಗುತ್ತೇನೋ ಅದು?"