ಆಸ್ಪತ್ರೆಯ ಗುಣಮಟ್ಟ: ಕಡತದಲ್ಲೋ, ವಾರ್ಡಿನಲ್ಲೋ?

ಕುಂದೂರಿನಂತಹ ಹಳ್ಳಿಗಳ ಜನ ಹೆಚ್ಚಿನ ಚಿಕಿತ್ಸೆಗೆ ಆಲೂರು ಇಲ್ಲವೇ ಹಾಸನದ ಆಸ್ಪತ್ರೆಗಳನ್ನೇ ನೆಚ್ಚಿಕೊಳ್ಳಬೇಕು. ಸರಕಾರಿ ಆಸ್ಪತ್ರೆಗಳ ಗುಣಮಟ್ಟ ಅಳೆಯಲು ಕೇಂದ್ರ ಸರಕಾರ 2013ರಲ್ಲಿ ರಾಷ್ಟ್ರೀಯ ಮಾನದಂಡಗಳನ್ನು ರೂಪಿಸಿತು. ಪರಿಶೀಲಕರು ವಾರ್ಡು, ದಾಖಲೆಗಳನ್ನು ನೋಡಿ, ಸಿಬ್ಬಂದಿಯನ್ನೂ ರೋಗಿಗಳನ್ನೂ ವಿಚಾರಿಸಿ ಪ್ರತಿ ಅಂಶಕ್ಕೆ 0, 1 ಅಥವಾ 2 ಅಂಕ ನೀಡುತ್ತಾರೆ. ಕ್ರಮವೇನೋ ಒಳ್ಳೆಯದೇ. ಆದರೆ ಪರಿಶೀಲನೆಯ ವಾರ ತೋರಿದ ಶಿಸ್ತು ಮರುವಾರ ಮಾಯವಾದರೆ ರೋಗಿಗೇನು ಲಾಭ?

ಗುಣಮಟ್ಟ ವಿಭಾಗವನ್ನು ಅದು ತುಂಬಿದ ನಮೂನೆಗಳಿಂದ ಅಳೆಯಬಾರದು. ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕು ತಗಲಿದಾಗ ಅದು ಕಾರಣ ಹುಡುಕಿತೇ, ದೋಷ ತಿದ್ದಿತೇ, ಮರುಕಳಿಸದಂತೆ ತಡೆಯಿತೇ ಎಂಬುದೇ ನಿಜವಾದ ಅಳತೆಗೋಲು. ನಾವೂ ಹೊರಗೆ ಗೊಣಗಿ ಸುಮ್ಮನಾಗುವುದು ಸಲ್ಲದು. ಆರೋಗ್ಯ ರಕ್ಷಾ ಸಮಿತಿಗೆ ಲಿಖಿತ ದೂರು ಸಲ್ಲಿಸೋಣ. ಕೈಗೊಂಡ ಕ್ರಮವೇನೆಂದು ತಿಂಗಳ ಬಳಿಕ ಮತ್ತೆ ಕೇಳೋಣ.