ಶಾಸ್ತ್ರಜ್ಞರ ಲೆಕ್ಕವೂ ಕುರಿಗಾರರ ಅನುಭವವೂ

ಇಲಾಖೆಯ ಸಲಹೆಯನ್ನು ರೈತರು ಅನುಸರಿಸದಿದ್ದರೆ ಅವರ ಅಜ್ಞಾನವೇ ಕಾರಣವೆಂದು ಹೇಳಿಬಿಡುವ ವಾಡಿಕೆಯುಂಟು. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಬ್ರಯನ್ ವಿನ್ ಎಂಬವರು ಕುರಿಗಾರರ ನಡುವೆಯೇ ವಿಚಾರಿಸಿ ನೋಡಿದರು. ಇವರು ಮೊದಲು ಕೇಂಬ್ರಿಜ್ಜಿನಲ್ಲಿ ವಸ್ತುವಿಜ್ಞಾನವನ್ನು ವ್ಯಾಸಂಗಮಾಡಿ, ತರುವಾಯ ಶಾಸ್ತ್ರಜ್ಞರಿಗೂ ಜನಸಾಮಾನ್ಯರಿಗೂ ಇರುವ ಸಂಬಂಧವನ್ನೇ ತಮ್ಮ ವ್ಯಾಸಂಗದ ವಿಷಯವನ್ನಾಗಿ ಮಾಡಿಕೊಂಡವರು.

1986ನೆಯ ಇಸವಿ ಏಪ್ರಿಲಿನಲ್ಲಿ ಸೋವಿಯತ್ ದೇಶದ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರವು ಸಿಡಿಯಿತು. ಅದರಿಂದ ಹೊರಟ ಸೀಸಿಯಂ ಎಂಬ ವಿಕಿರಣವಸ್ತುವು ಮೇ ತಿಂಗಳ ಮಳೆಯೊಡನೆ ಇಂಗ್ಲೆಂಡಿನ ಕಂಬ್ರಿಯಾ ಬೆಟ್ಟಗಳ ಹುಲ್ಲಿನ ಮೇಲೆ ಬಿದ್ದಿತು. ಜೂನಿನಲ್ಲಿ ಸರ್ಕಾರವು ಕುರಿಗಳ ಸಾಗಣೆಯನ್ನೂ ವಧೆಯನ್ನೂ ನಿಷೇಧಿಸಿ, ಮೂರು ವಾರಗಳಲ್ಲಿ ಎಲ್ಲವೂ ಸರಿಹೋಗುವುದೆಂದಿತು. ಕಟ್ಟಕಡೆಯ ನಿರ್ಬಂಧವನ್ನು ತೆಗೆದುದು 2012ರಲ್ಲಿ!

ಸೀಸಿಯಂ ಜೇಡಿಮಣ್ಣಿಗೆ ಅಂಟಿಕೊಂಡು ನಿಲ್ಲುತ್ತದೆ, ಪೈರಿಗೆ ಏರುವುದಿಲ್ಲ. ಸಸ್ಯಗಳು ಅರೆಕೊಳೆತು ಆದ ಬೆಟ್ಟದ ಹುಳಿಮಣ್ಣಿನಲ್ಲಾದರೋ ಅದು ಬೇರುಗಳಿಗೆ ಸಿಕ್ಕುತ್ತಲೇ ಇದ್ದು, ವರ್ಷವರ್ಷವೂ ಹುಲ್ಲಿಗೂ ಹುಲ್ಲಿನಿಂದ ಮಾಂಸಕ್ಕೂ ಸೇರುತ್ತದೆ. ಮೊದಲನೆಯ ಮಣ್ಣಿನ ಲೆಕ್ಕವನ್ನು ಎರಡನೆಯದಕ್ಕೆ ಹಾಕಿದುದೇ ತಪ್ಪಾಯಿತು. ಎರೆಭೂಮಿಯ ಗೊಬ್ಬರದ ಪ್ರಮಾಣವನ್ನು ಮಲೆನಾಡಿನ ತೋಟಕ್ಕೆ ಹೇಳಿದರೆ ನಮ್ಮ ಜಮೀನುದಾರರು ಏನೆನ್ನುವರೋ, ಅವರೂ ಅದನ್ನೇ ಅಂದರು.

ಇನ್ನೊಂದು ಸಂಗತಿ. ಸೀಸಿಯಮನ್ನು ಹೀರುವ ಬೆಂಟೊನೈಟ್ ಎಂಬ ಮಣ್ಣನ್ನು ಹುಲ್ಲಿನ ಮೇಲೆ ಎರಚಿ, ಕುರಿಗಳನ್ನು ಬೇಲಿಯೊಳಗೆ ಮೇಯಿಸಿ ಪರೀಕ್ಷೆ ನಡೆಸಲಾಯಿತು. ಬಯಲಿನಲ್ಲಿ ಅಡ್ಡಾಡಿ ಬೆಳೆದ ಕುರಿ ಬೇಲಿಯೊಳಗೆ ಸೊರಗುವುದೆಂದು ಕುರಿಗಾರರು ಮೊದಲೇ ಹೇಳಿದ್ದರು, ಯಾರೂ ಕಿವಿಗೊಡಲಿಲ್ಲ. ಕೊನೆಗೆ ಆ ಕಾರಣದಿಂದಲೇ ಪರೀಕ್ಷೆಯನ್ನು ಸದ್ದಿಲ್ಲದೆ ಕೈಬಿಡಬೇಕಾಯಿತು. ಸಮೀಪದ ವಿಂಡ್‌ಸ್ಕೇಲ್ ಅಣುಸ್ಥಾವರದಲ್ಲಿ 1957ರಲ್ಲಿ ಬೆಂಕಿ ಬಿದ್ದುದನ್ನು ಮರೆಯದಿದ್ದ ಆ ಜನರು, ಅಧಿಕಾರಿಗಳ ಖಂಡಿತವಾದ ಮಾತುಗಳನ್ನು ನಂಬದೆಹೋದುದು ಆಶ್ಚರ್ಯವಲ್ಲ.

ಇಷ್ಟರಿಂದ ಶಾಸ್ತ್ರವೇ ಬೇಡವೆಂದು ಯಾರೂ ತಿಳಿಯಬಾರದು. ಮಾಂಸದಲ್ಲಿ ಸೇರಿದ ಸೀಸಿಯಂ ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು, ಯಂತ್ರದಿಂದಲೇ ಅಳೆಯಬೇಕು. ಆದರೆ ಯಾವ ಗುಡ್ಡದಲ್ಲಿ ಕುರಿ ಯಾವಾಗ ಮೇಯುವುದೆಂಬುದನ್ನು ಯಂತ್ರವು ಹೇಳಲಾರದು.

ಆದುದರಿಂದ ಹೊಸ ಬೀಜವನ್ನಾಗಲಿ ಔಷಧವನ್ನಾಗಲಿ ಕುರಿತು ಅಧಿಕಾರಿಗಳು ಊರಿಗೆ ಬಂದಾಗ, ಅದರ ಪ್ರಯೋಗವು ಯಾವ ಮಣ್ಣಿನಲ್ಲಿ, ಎಷ್ಟು ಮಳೆಯಲ್ಲಿ ನಡೆಯಿತೆಂದು ಗ್ರಾಮದ ಮುಖ್ಯಸ್ಥರು ಸಭೆಯಲ್ಲಿಯೇ ಕೇಳತಕ್ಕದ್ದು. ಮಂದೆ ಕಾಯುವವರನ್ನೂ ಗೇಣಿದಾರರನ್ನೂ ಆ ಸಭೆಗೆ ಕರೆಯಿಸಬೇಕು. ಅವರ ಆಕ್ಷೇಪಣೆಗಳನ್ನು ಅಧಿಕಾರಿಗಳು ಬರೆದುಕೊಂಡು ಪ್ರಯೋಗಶಾಲೆಗೆ ಕಳುಹಿಸುವುದು ಸಲಹೆ ಕೊಡುವಷ್ಟೇ ಮುಖ್ಯವಾದ ಕೆಲಸವೆಂದು ನಮ್ಮ ಅಭಿಪ್ರಾಯ.